ಹಂಪವ್ವನ ಏಳು ಬೇಸಿಗೆ

ಶಕವರ್ಷ ೨೩೯೧, ವೈಶಾಖ ಬಹುಳ ಪಂಚಮಿ
ಕರಿದಿಬ್ಬದ ನೋಟಮನೆ

ನನ್ನ ನಂತರ ಈ ನಕ್ಷತ್ರವನ್ನು ನೋಡಲಿರುವವರಿಗೆ,

ನೀವು ಓದುವ ಹೊತ್ತಿಗೆ ನನ್ನ ಕನ್ನಡ ಸವೆದಿರಬಹುದು; ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ. ನಮ್ಮೂರಿನಲ್ಲಿ ಪ್ರತಿ ಮನೆಗೂ ಒಂದು ನೋಟಪಾಲು ಇದೆ. ದಕ್ಷಿಣದ ಗೋಳಗುಚ್ಛದಲ್ಲಿ, ಲಕ್ಷಾಂತರ ನಕ್ಷತ್ರಗಳು ಜೇನುಹುಳುಗಳಂತೆ ಮುತ್ತಿಕೊಂಡಿರುವ ಆ ಉಂಡೆಯಲ್ಲಿ, ಒಂದು ಮಿಡಿತಾರೆಯನ್ನು ತಲೆಮಾರುಗಳುದ್ದಕ್ಕೂ ನೋಡಿ ಬರೆದಿಡುವ ಹೊಣೆ ಅದು. ಮಿಡಿತಾರೆ ಉಬ್ಬಿ ಕುಗ್ಗುತ್ತ, ಸರಕ್ಕನೆ ಬೆಳಗಿ ನಿಧಾನವಾಗಿ ಮಂಕಾಗುತ್ತದೆ; ನಮ್ಮದಕ್ಕೆ ಒಂದು ಸುತ್ತಿಗೆ ಹದಿನಾಲ್ಕು ಗಂಟೆ. ಯಂತ್ರಗಳ ದಾಖಲೆಯೆಲ್ಲ ಒಮ್ಮೆ ಅಳಿಸಿಹೋಗಿ ಕೈಬರಹವಷ್ಟೇ ಉಳಿದ ಮೇಲೆ ಈ ಪದ್ಧತಿ ಬಂತು. ಬೇಸಿಗೆಯ ಸಂಜೆ ನೋಟ ಮುಗಿಯುವವರೆಗೆ ಯಾರೂ ಹೊರದೀಪ ಹಚ್ಚುವುದಿಲ್ಲ; ಎಮ್ಮೆಗಳೂ ಕತ್ತಲಲ್ಲೇ ಕೊಟ್ಟಿಗೆ ಹುಡುಕಿಕೊಳ್ಳುತ್ತವೆ.

ಆ ಗುಚ್ಛದಲ್ಲಿ ಮೊದಲು ಹುಟ್ಟಿದ ನಕ್ಷತ್ರಗಳೂ, ಅವು ಹೊರಚೆಲ್ಲಿದ ಅನಿಲದಿಂದ ಆಮೇಲೆ ಹುಟ್ಟಿದವೂ ಬೆರೆತುಹೋಗಿವೆ. ಯಾವುದು ಯಾವ ಪೀಳಿಗೆಯದೆಂದು ತಿಳಿಯಲು ಮಿಡಿತದ ಲೆಕ್ಕವೂ ಬೇಕು. ಅದಕ್ಕೇ ನಿಯಮ ಬಿಗಿ: ಯಾರು ನೋಡದೆ ಬರೆದರೋ ಅವರ ಹೆಸರನ್ನು ನೋಡಿದವರ ಪಟ್ಟಿಯಿಂದ ತೆಗೆಯಬೇಕು.

ನನ್ನ ತಾಯಿ ಹಂಪವ್ವ ಮೂವತ್ತೆಂಟು ವರ್ಷ ನಮ್ಮ ತಾರೆಯ ಈ ದಾಖಲೆ ಪುಸ್ತಕ ಬರೆದಳು. ಕಳೆದ ತಿಂಗಳು ಅವಳು ಜ್ವರದಿಂದ ಮಲಗಿದಾಗ ದೂರದರ್ಶಕದ ಮುಂದೆ ನಾನು ಕೂತೆ. ಪುಸ್ತಕದ ಪ್ರಕಾರ ಬೆಳಗಬೇಕಾದುದಕ್ಕಿಂತ ಒಂದು ಗಂಟೆ ಮೊದಲೇ ನಕ್ಷತ್ರ ಬೆಳಗಿತ್ತು. ಮೂರು ದಿನ ನನ್ನನ್ನೇ ಅನುಮಾನಿಸಿದೆ. ಆಮೇಲೆ ಹಾಳೆ ತಿರುವಿದೆ. ಏಳು ಬೇಸಿಗೆಗಳು, ಒಂದು ದಿನವೂ ‘ಮೋಡ, ಕಾಣಲಿಲ್ಲ’ ಎಂದು ಬರೆದಿಲ್ಲ; ನೋಡದೆ, ಹಳೆಯ ಲೆಕ್ಕದಿಂದಲೇ ತುಂಬಿದ ಸಾಲುಗಳು.

ಅವಳ ನೋಟದ ನಡುವೆ ಕಪ್ಪು ಬೊಟ್ಟೊಂದು ಕೂತಿತ್ತು; ನೇರಕ್ಕೆ ನೋಡಿದ್ದು ಕಾಣುತ್ತಿರಲಿಲ್ಲ. ಒಲೆ, ಹೊಸಿಲು, ನಮ್ಮ ಮುಖ ಎಲ್ಲವನ್ನೂ ಅಭ್ಯಾಸದಿಂದಲೇ ಕಾಣುತ್ತಿದ್ದಳು, ನಕ್ಷತ್ರವನ್ನೂ. ಬಹಳ ಕಾಲ ಜೊತೆಗಿದ್ದವರನ್ನು ನಾವು ನೋಡುವುದನ್ನು ಬಿಟ್ಟು, ಬಲ್ಲೆವೆಂದುಕೊಳ್ಳುತ್ತೇವೆ. ನಾನೂ ಅವಳನ್ನು ಏಳು ವರ್ಷ ಹಾಗೆಯೇ ನೋಡಿದ್ದೆ.

ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಾಗ, ನಕ್ಷತ್ರ ಒಂದು ಗಂಟೆ ಮೊದಲೇ ಬೆಳಗುತ್ತಿದೆಯೆಂದು ಹೇಳಿದೆ. “ನಿನ್ನಂಗಲ್ಲವ್ವ, ಅದು ಹೇಳಿದ ಹೊತ್ತಿಗೆ ಬರ್ತೈತೆ” ಎಂದು ಮೊದಲು ನನ್ನನ್ನೇ ಚುಚ್ಚಿದಳು. ಮೋಡದ ಮಾತು ತೆಗೆದಾಗ ಅವಳ ಕೈ ನಿಂತಿತು.

“ಒಂದು ತಾಸಾ?” ಎಂದಳು. ಕೈಯಲ್ಲಿದ್ದ ಬೀಜವನ್ನು ಪಕ್ಕಕ್ಕಿಟ್ಟು, “ನೋಡು, ನನಗೂ ಒಂದು ಮಾತು ಹೇಳ್ದೆ ಅದು ಮುಂದಕ್ಕೆ ಹೋಗೈತೆ. ಗೀಟು ಹೊಡಿ, ಅದರ ಲೆಕ್ಕ ಕೆಡಬಾರದು.”

ಹೆಸರು ಹೋಗುತ್ತದಲ್ಲವ್ವ ಎಂದೆ.

“ನನ್ನ ಹೆಸರು ತಗಂಡು ಅದೇನ್ ಮಾಡ್ತೈತೆ?”

ಆ ಏಳು ವರ್ಷಗಳ ಸಾಲುಗಳ ಮೇಲೆ ಗೀಟು ಎಳೆದಿದ್ದೇನೆ. ಹೆಸರಿನ ಮೇಲೆ ಎಳೆಯಲಾಗಲಿಲ್ಲ. ಆಷಾಢದಲ್ಲಿ ಪಟ್ಟಿ ನೋಡಿಕೊಳ್ಳುವ ಊರಿನ ಮಂಡಳಿ ಕೂಡುತ್ತದೆ. ಅವರು ನಿಯಮದಂತೆ ನಡೆದರೆ ದೂರಲಾರೆ. ಪಟ್ಟಿಯಲ್ಲಿ ಆ ಹೆಸರು ಇಲ್ಲದಿದ್ದರೆ ದಯವಿಟ್ಟು ನೀವು ಬರೆಯಿರಿ: ಹಂಪವ್ವ. ಮೂವತ್ತೊಂದು ವರ್ಷ ನೋಡಿದಳು. ಏಳು ವರ್ಷ ಅವಳಿಗೆ ಕಾಣಲಿಲ್ಲ.

ಅವಳ ಮಗಳು,
ಸಿರಿಯವ್ವ