ಮಡಿ ಗಳದ ಮೇಲೆ ನೀಲಿ ಕಾಗದ

ಅತ್ತೆಯವರಿಗೆ, ನಿಮ್ಮ ಸೊಸೆ ಸುಮಿತ್ರಾಳ ನಮಸ್ಕಾರ.

ಆಸ್ಪತ್ರೆಯಲ್ಲಿ ನೀವು ಕೊನೆಯದಾಗಿ ನನ್ನನ್ನು ಕೇಳಿದ್ದು, "ಕಾಲೇಜಿನವ್ರು ಏನಂದ್ರವಾ?" ಎಂದು. ಅವರು ಇನ್ನೂ ಏನೂ ಅಂದಿರಲಿಲ್ಲ. ಹಾಗೆಯೇ ಹೇಳಿದೆ. ಒಂದು ಸುಳ್ಳು ಹೇಳಿದ್ದರೆ ಏನು ಹೋಗುತ್ತಿತ್ತು...

ಬಿ.ಎಸ್ಸಿ. ಮುಗಿಸಿಯೂ ಕೆಲಸ ಸಿಗದೆ, ಆಂಟಾಪ್ ಹಿಲ್‌ನ ನಮ್ಮ ಅಡುಗೆಮನೆಯಲ್ಲೇ ನಾನು ಲಿಟ್ಮಸ್ ಕಾಗದ ಮಾಡಲು ಕೂತ ದಿನ ನೆನಪಿದೆಯೇ? ಹುಳಿ ತಾಗಿದರೆ ಕೆಂಪಾಗುವ, ಪ್ರಯೋಗಶಾಲೆಯ ನೀಲಿ ಕಾಗದ. ನೀವು ನೀಲಿ ಬಣ್ಣದ ಬಕೆಟ್‌ನೊಳಗೆ ಬಗ್ಗಿ ನೋಡಿ, "ಇಷ್ಟ್ ಕಲ್ತು ಹೋಳಿ ಆಡ್ಲಿಕ್ಕತ್ತೀಯೇನ?" ಎಂದಿರಿ. ವಿಲೆ ಪಾರ್ಲೆಯ ಕಾಲೇಜೊಂದು ಮಾದರಿ ಕೇಳಿತ್ತು. ಅವರು ಒಪ್ಪದಿದ್ದರೆ ಇದನ್ನೆಲ್ಲ ಬಿಟ್ಟು ಟೈಪಿಂಗ್ ಕಲಿಯುತ್ತೇನೆಂದು ನಿಮ್ಮ ಮಗನಿಗೆ ಮಾತು ಕೊಟ್ಟಿದ್ದೆ.

ಮೊದಲ ಬ್ಯಾಚ್ ಕೆಡಿಸಿದ್ದು ನೀವೇ. ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತಿದ್ದವರು, ಒಣಗಲು ಹಾಕಿದ್ದ ಹಗ್ಗದಿಂದ ಗಾಳಿಗೆ ಬಿದ್ದ ಹಾಳೆಗಳನ್ನು ಅದೇ ಕೈಯಿಂದ ಎತ್ತಿ ಜೋಡಿಸಿಟ್ಟಿರಿ. ಎಲ್ಲದರ ಮೇಲೂ ನಿಮ್ಮ ಬೆರಳು ಕೆಂಪಗೆ ಮೂಡಿತು. ಎಂಥ ಸಿಟ್ಟು ಬಂತು ನನಗೆ!

ಮರುದಿನ ಸ್ನಾನ ಮುಗಿಸಿ ಬಂದವರೇ ನಿಮ್ಮ ಮಡಿ ಸೀರೆ ಒಣಗುವ ಗಳವನ್ನು ಖಾಲಿ ಮಾಡಿದಿರಿ. ನಿಮ್ಮನ್ನು ಬಿಟ್ಟು ಮನೆಯಲ್ಲಿ ಯಾರೂ ಆ ಬಿದಿರಿಗೆ ಕೈ ಚಾಚುವಂತಿರಲಿಲ್ಲ.

"ಇದರ ಮ್ಯಾಲೆ ಹಾಕು. ಯಾರ್ ಮುಟ್ತಾರ ನೋಡೇಬಿಡ್ತೀನಿ."

"ಮತ್ತ ನಿಮ್ಮ ಸೀರಿ?"

"ನಾಕ್ ದಿನ ರೇಶ್ಮಿ ಉಟ್ಕೋತೀನಿ, ತಗೋ."

ನಿಮ್ಮ ಮಗ ಕುತೂಹಲಕ್ಕೆ ಒಂದು ಹಾಳೆ ಮುಟ್ಟಲು ಹೋದಾಗ, "ಮುಟ್ಟಬ್ಯಾಡೋ, ಮಡಿ ಅದ!" ಎಂದು ನೀವು ಕೂಗಿದ್ದು ಇಡೀ ಬಿಲ್ಡಿಂಗಿಗೆ ಕೇಳಿಸಿತು. ಆ ಹಾಳೆಗಳನ್ನೇ ಕತ್ತರಿಸಿ ಕಾಲೇಜಿಗೆ ಕೊಟ್ಟು ಬಂದೆ. ಅದೇ ವಾರ ನೀವು ಹಾಸಿಗೆ ಹಿಡಿದಿರಿ.

ಒಪ್ಪಿದರು, ಅತ್ತೆ. ನಿಮ್ಮ ವೈಕುಂಠ ಸಮಾರಾಧನೆ ಮುಗಿದ ಮೇಲೆ ಸುದ್ದಿ ಬಂತು. ಈಗ ಮುಲುಂಡ್‌ನಲ್ಲಿ ಒಂದು ಶೆಡ್ ಹಿಡಿದಿದ್ದೇನೆ. ಬಿ.ಎಸ್ಸಿ. ಮಾಡಿದ ಇನ್ನಿಬ್ಬರು ಹುಡುಗಿಯರು ಪಾಲುದಾರರು. ನಿಮ್ಮ ಗಳವನ್ನೂ ಒಯ್ದು ಅಲ್ಲೇ ಕಟ್ಟಿಸಿದ್ದೇನೆ.

ನಿನ್ನೆ ಅವರಲ್ಲೊಬ್ಬಳು ಊಟದ ಡಬ್ಬಿ ಮುಚ್ಚಿಟ್ಟು, ಅದೇ ಕೈಯನ್ನು ಗಳದತ್ತ ಚಾಚಿದಳು.

"ಮುಟ್ಟಬ್ಯಾಡ, ಮಡಿ ಅದ!"

ಕೂಗಿದ್ದು ನಾನೇ. ಕನ್ನಡ ಬಾರದ ಹುಡುಗಿ ಬೆಚ್ಚಿಬಿದ್ದು, "ಕ್ಯಾ ಹುವಾ, ದೀದಿ?" ಎಂದಳು. ಕೈ ತೊಳೆದು ಬಾ ಎಂದಷ್ಟೇ ಹೇಳಿದೆ.