ನಾಲ್ವರು ಗೆಳತಿಯರ ಪಾಸ್‌ವರ್ಡ್

ಕೇಂದ್ರದ ಮೇಲ್ವಿಚಾರಕರಿಗೆ ನಮಸ್ಕಾರ.

ವಿಶೇಷ ಮಕ್ಕಳಿಗೆ ಸ್ನೇಹಿತರು ಸಿಗಲೆಂದು ನೀವು ನಡೆಸಿದ ಆನ್‌ಲೈನ್ ಆಟದ ಗುಂಪಿನಲ್ಲಿ ಆರು ತಿಂಗಳು ಆಡಿದ ಹುಡುಗಿಯ ಅಪ್ಪ ನಾನು. ಹತ್ತೊಂಬತ್ತು ವರ್ಷ ಯಾರ ಮುಖವನ್ನೂ ಕಣ್ಣೆತ್ತಿ ನೋಡದವಳು ಆ ಆಟದೊಳಗೆ ಮನೆ ಕಟ್ಟಿ, ನಾಲ್ವರು ಗೆಳತಿಯರನ್ನು ಕರೆದು ಕೂರಿಸಿ, ಟೈಪ್ ಮಾಡುತ್ತಲೇ ಹರಟಿದಳು. "ಅಪ್ಪಾ, ಸುಮ್ನಿರು, ಅವ್ರು ಬಂದಿದಾರೆ" ಎಂದು ನನ್ನನ್ನೇ ಗದರಿದಳು. ನಾನು ಹಿಗ್ಗಿ ಹೀರೇಕಾಯಿಯಾದೆ.

ಗುಂಪು ಮುಗಿದ ದಿನ, ಅವರು ಕೇಂದ್ರದಲ್ಲೇ ಕೂತು ಆಡುತ್ತಾರೆಂದುಕೊಂಡು, ಆ ನಾಲ್ವರಿಗೂ ಒಂದೊಂದು ಪೆನ್ನು ಹಿಡಿದು ನಿಮ್ಮಲ್ಲಿಗೆ ಬಂದೆ. ಕಂಪ್ಯೂಟರಿನ ಮುಂದೆ ನಿಮ್ಮ ಸಹಾಯಕಿ ಒಬ್ಬಳೇ ಕೂತಿದ್ದಳು.

"ನಾಲ್ಕೂ ಜನ ನಾನೇ ಸಾರ್. ಸೇರ್ದೋರು ಕಮ್ಮಿ, ಏನ್ ಮಾಡೋದು?" ಎಂದು ನಕ್ಕಳು.

ಅವಳನ್ನೂ ಅಲ್ಲಿಲ್ಲದ ನಿಮ್ಮನ್ನೂ ಮೋಸಗಾರರೆಂದು ಬಾಯಿಗೆ ಬಂದಂತೆ ಬೈದು ಬಂದೆ. ನಿಮ್ಮ ವರದಿಯಲ್ಲಿ 'ನಾಲ್ಕು ಸ್ನೇಹಗಳು ಬೆಳೆದಿವೆ' ಎಂದಿದ್ದದ್ದನ್ನು ಆಮೇಲೆ ಓದಿದೆ.

ಬೈದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಆದರೆ ಹದಿನೇಳು ದಿನಗಳಿಂದ ಮಗಳು ಸಂಜೆ ನಾಲ್ಕಕ್ಕೆ ಆಟ ತೆರೆದು, ಆ ಖಾಲಿ ಮನೆಯಲ್ಲಿ ಊಟದ ಹೊತ್ತಿನವರೆಗೆ ಕಾಯುತ್ತಾಳೆ. "ನಾನೇನ್ ತಪ್ಪು ಮಾಡ್ದೆ?" ಎಂದು ನಿನ್ನೆ ಕೇಳಿದಳು.

ಆದ್ದರಿಂದ ಆ ನಾಲ್ಕು ಹೆಸರುಗಳ ಪಾಸ್‌ವರ್ಡ್ ನನಗೆ ಕಳಿಸಿಕೊಡಿ. ಪಕ್ಕದ ಕೋಣೆಯಲ್ಲಿ ಕೂತು ನಾನೇ ಆಡುತ್ತೇನೆ. ಯಾರು ಹೇಗೆ ತಮಾಷೆ ಮಾಡುತ್ತಿದ್ದರು, ಯಾರು ಅವಳನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ನಿಮ್ಮ ಸಹಾಯಕಿ ಬಿಡಿಸಿ ಬರೆಯಲಿ. ಈ ಕೆಲಸ ನನಗೆ ಹೊಸದು.

ಇಂತಿ,
ಹುಡುಗಿಯ ಅಪ್ಪ