ತಾತನ ಹೆಸರಿನ ಹ

11 ಆಗಸ್ಟ್ 2002, ಭಾನುವಾರ

ಹದಿನೇಳನೆಯ ಕಾಗದಕ್ಕೂ ಅದೇ ಉತ್ತರ. ಇಂಗ್ಲೆಂಡಿನ ಯುದ್ಧಸಮಾಧಿ ಕಚೇರಿಯವರು ಮರ್ಯಾದಸ್ಥರು — ಹನುಮಂತಯ್ಯ ಎಂಬ ಹೆಸರು ಇಟಲಿಯ ಪಟ್ಟಿಯಲ್ಲಿ ಇಲ್ಲ, ಕ್ಷಮಿಸಿ. ಫೈಲಿಗೆ ಸೇರಿಸಿದೆ. ನಾಲ್ಕು ವರ್ಷದ ಫೈಲು.

ತಾತ ಕೂಲಿಗೆಂದು ಮದ್ರಾಸಿಗೆ ಬಂದು ಇಲ್ಲೇ ಸೈನ್ಯಕ್ಕೆ ಸೇರಿದ್ದು, 44ರಲ್ಲಿ ಇಟಲಿಯಲ್ಲಿ ಸತ್ತರೆಂದು ತಂತಿ ಬಂದದ್ದು — ಇಷ್ಟೇ ಗೊತ್ತು. ಮಿಕ್ಕ ಕಾಗದವೆಲ್ಲ ಗೆದ್ದಲಿಗೆ. ಹೆಸರು ಸಿಕ್ಕಿದ್ದೂ ಅಪ್ಪನ ಸ್ಕೂಲ್ ಸರ್ಟಿಫಿಕೇಟಿನಲ್ಲಿ. ಅಜ್ಜಿ ಗಂಡನ ಹೆಸರು ಬಾಯಿಬಿಟ್ಟು ಹೇಳುವವಳಲ್ಲ. ಪಾಳೇಗಾರಿ ಪದ್ಧತಿ ಎಂದು ಭಾಷಣ ಶುರುಮಾಡಿದರೆ ಎದ್ದು ಒಳಗೆ ಹೋಗುತ್ತಾಳೆ.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆಲ್ಲ ಎಲೆ ಹಾಕುತ್ತಾಳೆ. ತಾತನಿಗೆ ಮಾತ್ರ ಇಲ್ಲ. "ಎಲ್ಲವ್ರೆ ಅಂತ್ಲೇ ಗೊತ್ತಿಲ್ದೋರ್ನ ಎಲ್ಲಿಂದ ಕರಿಯೋದು ವಂದ್ನಾ?" ಸಾಮ್ರಾಜ್ಯಶಾಹಿಗಳ ರಿಜಿಸ್ಟರಿನಿಂದ ಒಬ್ಬ ಬಡವನ ಹೆಸರು ಕಿತ್ತು ತರುವುದೂ ಹೋರಾಟವೇ. ಈ ವರ್ಷ ಎಲೆ ಹಾಕಿಸುತ್ತೇನೆ. ನಾನೇ.

1 ಸೆಪ್ಟೆಂಬರ್

ಚಿಕ್ಕಪ್ಪನ ಮಗ ಅಮಿತ್ ಮಾಧವರಂನಿಂದ ಬಂದಿದ್ದ. ಅಜ್ಜಿ ಕೋಡುಬಳೆ ಡಬ್ಬಿಯನ್ನೇ ಅವನ ಮಡಿಲಲ್ಲಿಟ್ಟಳು. ನನಗೆ ಎಣಿಸಿ ಎರಡು. ತಮಿಳು ಮೀಡಿಯಂನವನು. ಕನ್ನಡ ಓದಲು ಬಾರದು. ಜನ್ಮದಲ್ಲಿ ಒಂದು ಕರಪತ್ರ ಓದಿಲ್ಲ. ನನ್ನ ಫೈಲಿನ ಇಂಗ್ಲಿಷ್ ಕಾಗದಗಳನ್ನು ತಿರುವಿ ಹಾಕುತ್ತ —

"ಅನುಮಂತಯ್ಯ... ತಾತಾ ಪೇರಾ ಅಕ್ಕಾ?"

"ಅ ಅಲ್ಲ. ಹ. ಹೊಟ್ಟೆಯಿಂದ ಬರಬೇಕು."

"ಅದು ಡಾಕ್ಟರ್ ಬಾಯಿ ತೆರಿ ಅಂದಾಗ ಸೊಲ್ರದು ಅಕ್ಕಾ."

ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಯಾವ ಮಾತಿಗೂ ಹಾಗೆ ನಕ್ಕದ್ದಿಲ್ಲ.

3 ಅಕ್ಟೋಬರ್, ಗುರುವಾರ. ಸಂಜೆ 7

ಆಫೀಸ್ ಬಿಟ್ಟು ಎಗ್ಮೋರ್ ಸ್ಟಾಪಿನಲ್ಲಿ ನಿಂತಿದ್ದೆ. ಅಮಿತ್ ಓಡಿಬಂದು ಒಂದು ಪ್ರಿಂಟೌಟ್ ಕೈಗಿಟ್ಟ. ಬ್ರೌಸಿಂಗ್ ಸೆಂಟರಿನಲ್ಲಿ ಅರ್ಧ ಗಂಟೆ ಕೂತನಂತೆ. ತನ್ನ ಬಾಯಿಗೆ ಬಂದ ಹಾಗೆ ಹೆಸರು ಟೈಪ್ ಮಾಡಿದನಂತೆ.

ಅನುಮಂತಯ್ಯ. ಮದ್ರಾಸ್. 1944. ಹೆಂಡತಿ ಚಿಕ್ಕತಾಯಿ — ನಮ್ಮ ಅಜ್ಜಿಯೇ. ಇಟಲಿಯ ಕಡಲ ಪಕ್ಕದ ಊರು, ಸಮಾಧಿಯ ಸಾಲು, ಕಲ್ಲಿನ ನಂಬರು — ಎಲ್ಲ.

ತಾತ ಐವತ್ತೆಂಟು ವರ್ಷದಿಂದ ಇಂಗ್ಲಿಷಿನ ಎ ಅಕ್ಷರದ ಕೆಳಗೆ ಮಲಗಿದ್ದಾರೆ. ನಾನು ಎಚ್ ಬಾಗಿಲು ತಟ್ಟುತ್ತಿದ್ದೆ.

ಸಂತೋಷಪಡಬೇಕಿತ್ತು. ಕಾಗದ ಹರಿದುಹಾಕಬೇಕು ಅನ್ನಿಸಿತು.

"ನೀನೇ ಸೊಲ್ಲುಕ್ಕಾ. ನನ್ ಕನ್ನಡ ಕೇಳಿ ಅಜ್ಜಿ ನಗ್ತಾರೆ. ನೀನೇ ಹುಡುಕಿದ್ದು ಅಂತ ಹೇಳು, ಪರವಾಯಿಲ್ಲೆ."

ದಾನ ಬೇಡ, ಹಕ್ಕು ಬೇಕು — ವಡಪಳನಿಯ ಗೋಡೆಗಳ ಮೇಲೆ ಬರೆದವಳು ನಾನು. ತೆಗೆದುಕೊಂಡೆ.

4 ಅಕ್ಟೋಬರ್

ಹೇಳಿದೆ. ಅ ಎಂದು ಬರೆದುಕೊಂಡಿದ್ದರು, ಅದಕ್ಕೇ ಇಷ್ಟು ದಿನ ಸಿಗಲಿಲ್ಲ ಎಂದೂ ವಿವರಿಸಿದೆ. "ನಾನೇ ಹುಡುಕಿದೆ ಅಜ್ಜಿ."

ದೃಷ್ಟಿ ತೆಗೆದು ನೆಟಿಕೆ ಮುರಿದಳು. ಡಬ್ಬಿ ತಂದು ನನ್ನ ಮಡಿಲಲ್ಲಿಟ್ಟಳು. ಇಡೀ ಡಬ್ಬಿ.

ಒಂದೂ ತಿನ್ನಲಾಗಲಿಲ್ಲ.

6 ಅಕ್ಟೋಬರ್, ಅಮಾವಾಸ್ಯೆ

ಚಿಕ್ಕಪ್ಪನ ಮನೆಯವರೂ ಬಂದರು. ತಾತನಿಗೆ ಎಲೆ ಬಿತ್ತು. ಇಟಲಿ ಯಾವ ದಿಕ್ಕು ಎಂದು ಅಜ್ಜಿ ಕೇಳಿದಳು. ಅಡುಗೆಮನೆ ಕಿಟಕಿ ತೋರಿಸಿದೆ. ಅತ್ತ ಕೈಮುಗಿದು, ನನಗೆ ತಿಳಿದಂತೆ ಮೊದಲ ಸಲ, ಹೆಸರು ಹಿಡಿದು ಕರೆದಳು —

"ಅನ್ಮಂತಯ್ಯೋರೇ, ಉಣ್ಣಕ್ಕೆ ಬನ್ನಿ."

"ಹನುಮಂತಯ್ಯ ಅಲ್ವಾ ಅಜ್ಜಿ?" ಅಭ್ಯಾಸ. ಬಾಯಿಂದ ಜಾರಿತು.

"ಅವ್ರ ಬಾಯಲ್ಲೂ ಅನ್ಮಂತಯ್ಯ್ನೇ ಕಣವ್ವ. ಅಂಗೇ ಬರೆಸವ್ರೆ." ನನ್ನನ್ನೇ ನೋಡಿದಳು. "ನೀನು ಆ ಹ ಬುಡೋಳಲ್ವಲ್ಲ. ಅದೆಂಗೆ ಸಿಕ್ಬುಟ್ರು ನಿಂಗೆ?"

ಅಮಿತ್ ಪಾಯಸದ ಸೌಟು ಹಿಡಿದು ನಿಂತಿದ್ದ. ನನ್ನ ಮಾನ ಉಳಿಸಲು ಸುಮ್ಮನಿದ್ದ — ತಡೆಯಲಾಗದ್ದು ಅದೇ.

ಒಳಗೆ ಹೋಗಿ ಡಬ್ಬಿ ತಂದೆ. ತುಂಬಿದ್ದ ಹಾಗೇ ಇತ್ತು. ಅಜ್ಜಿ ನೋಡುತ್ತಲೇ ಇದ್ದಳು. ನಾನು ಅಮಿತ್‌ನ ಕೈಯಿಂದ ಸೌಟು ತೆಗೆದುಕೊಂಡು ಡಬ್ಬಿ ಇಟ್ಟೆ. "ಹುಡುಕಿದ್ದು ಇವನು ಅಜ್ಜಿ."